ಹಳೆಯ ಡೆಸ್ಕ್‌ಟಾಪನ್ನು ರೌಟರ್ ಮಾಡಿದೆ: ಕೆಲಸದ ಟಿಪ್ಪಣಿ

ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದ ಡೆಸ್ಕ್‌ಟಾಪಿನ ಮುಚ್ಚಳ ತೆಗೆದು, ಎರಡು ಪೋರ್ಟುಗಳಿರುವ ಒಂದು ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್ ಕೂರಿಸಿದೆ. ಮದರ್‌ಬೋರ್ಡಿನಲ್ಲಿ ಮೊದಲೇ ಒಂದಿತ್ತು, ಒಟ್ಟು ಮೂರಾಯಿತು. ಮೂರಕ್ಕೂ ಬಣ್ಣದ ಟೇಪ್ ಅಂಟಿಸಿದೆ: ಮದರ್‌ಬೋರ್ಡಿನದಕ್ಕೆ ಕೆಂಪು, ಕಾರ್ಡಿನ ಎರಡಕ್ಕೆ ಹಸಿರು ಮತ್ತು ನೀಲಿ. ಲಿನಕ್ಸ್ ಹಾಕಿದ ಮೇಲೆ ಇಂಟರ್‌ಫೇಸ್‌ಗಳ ಹೆಸರನ್ನೂ ಅದೇ ಬಣ್ಣಗಳಿಗೆ ಬದಲಿಸಿಕೊಂಡೆ. ಈ ಕೆಲಸಕ್ಕೆ ಇಳಿಯುವವರು ಇದನ್ನು ಮೊದಲೇ ಮಾಡಿಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಯಾವ ಕೇಬಲ್ ಯಾವ ಪೋರ್ಟಿನದು ಎಂದು ಹುಡುಕುತ್ತಾ ಕೂರುವ ಪಾಡು ತಪ್ಪುತ್ತದೆ.

ಇಂಟರ್ನೆಟ್ ಚುರುಕಾಗಲಿ ಎಂದು ಇದನ್ನು ಮಾಡಿದ್ದಲ್ಲ. ಮನೆಯ ರೌಟರ್ ಡಬ್ಬಿಯೊಳಗೆ ನಡೆಯುವುದನ್ನು ಕಣ್ಣಾರೆ ನೋಡಬೇಕಿತ್ತು. ಡಬ್ಬಿ ತನ್ನೊಳಗನ್ನು ತೋರಿಸುವುದಿಲ್ಲ. ಸಾಮಾನ್ಯ ಕಂಪ್ಯೂಟರನ್ನೇ ರೌಟರ್ ಮಾಡಿದರೆ ಪ್ರತಿ ಪೋರ್ಟಿಗೂ ಕಿವಿಗೊಟ್ಟು ಪ್ಯಾಕೆಟ್ (ಮಾಹಿತಿಯ ಚಿಕ್ಕ ಕಂತೆ) ಬಂದದ್ದು, ಹೋದದ್ದು ಎಲ್ಲ ನೋಡಬಹುದು. ರೌಟರ್‌ಗಳು ಹುಟ್ಟಿದ್ದೂ ಹೀಗೆಯೇ. 1969ರಲ್ಲಿ ಇಂಟರ್ನೆಟ್ಟಿನ ಪೂರ್ವಜನಾದ ಅರ್ಪಾನೆಟ್‌ನಲ್ಲಿ ಈ ಕೆಲಸ ಮಾಡಿದ ಐಎಂಪಿ ಯಂತ್ರಗಳು ಹನಿವೆಲ್ ಡಿಡಿಪಿ-516 ಎಂಬ ಮಿನಿಕಂಪ್ಯೂಟರನ್ನು ಗಟ್ಟಿಮುಟ್ಟಾಗಿಸಿ ಮಾಡಿದವು.

ಜೋಡಣೆ ಹೀಗಿದೆ. ಕೆಂಪು ಪೋರ್ಟಿನಿಂದ ಕೇಬಲ್ ಮನೆಯ ಡಬ್ಬಿಗೆ. ಡಬ್ಬಿಯ ಐಪಿ ವಿಳಾಸ 192.168.1.1, ಡೆಸ್ಕ್‌ಟಾಪಿನದು 192.168.1.50. ಹಸಿರಿನ ವಿಳಾಸ 10.10.1.1, ಅದಕ್ಕೆ ನನ್ನ ಲ್ಯಾಪ್‌ಟಾಪ್ 10.10.1.10. ನೀಲಿಯ ವಿಳಾಸ 10.10.2.1, ಅದಕ್ಕೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ 10.10.2.10. ಎಲ್ಲದರ ಮಾಸ್ಕ್ 24 (ಬರೆಯುವಾಗ /24), ಅಂದರೆ ಮೊದಲ 24 ಬಿಟ್ ನೆಟ್‌ವರ್ಕಿನ ಹೆಸರು, ಉಳಿದ 8 ಬಿಟ್ ಅದರೊಳಗಿನ ಯಂತ್ರದ್ದು. ಬೇರೆ ನೆಟ್‌ವರ್ಕಿಗೆ ಹೋಗುವುದನ್ನು ಒಪ್ಪಿಸುವ ವಿಳಾಸವೇ ಗೇಟ್‌ವೇ. ಲ್ಯಾಪ್‌ಟಾಪಿನದು 10.10.1.1, ಪೈಯದು 10.10.2.1. ಗಿಗಾಬಿಟ್ ಪೋರ್ಟುಗಳು ತಂತಿಗಳ ಅದಲುಬದಲನ್ನು ತಾವೇ ಸರಿಪಡಿಸಿಕೊಳ್ಳುವುದರಿಂದ ಕ್ರಾಸ್ಓವರ್ ಕೇಬಲ್ ಹುಡುಕಬೇಕಾಗಲಿಲ್ಲ.

ಮೊದಲ ಮೌನ

ಲ್ಯಾಪ್‌ಟಾಪಿನಿಂದ 10.10.1.1ಕ್ಕೆ ಪಿಂಗ್ (ಇದ್ದೀಯಾ ಎಂದು ಕೇಳುವ ಪುಟ್ಟ ಪ್ಯಾಕೆಟ್) ಕೊಟ್ಟೆ, ಉತ್ತರ ಬಂತು. 10.10.2.1ಕ್ಕೆ ಕೊಟ್ಟೆ, ಅದಕ್ಕೂ ಬಂತು. ಹಸಿರಿನಿಂದ ನೀಲಿಗೆ ದಾಟಿತಲ್ಲ ಎಂದುಕೊಂಡು ಪೈಗೆ, ಅಂದರೆ 10.10.2.10ಕ್ಕೆ ಕೊಟ್ಟೆ. ತುಟಿಪಿಟಿಕ್ ಇಲ್ಲ.

ಡೆಸ್ಕ್‌ಟಾಪಿನಲ್ಲಿ ಎರಡು ಕಿಟಕಿ ತೆರೆದು ಒಂದರಲ್ಲಿ ಹಸಿರಿಗೆ, ಇನ್ನೊಂದರಲ್ಲಿ ನೀಲಿಗೆ, ಹಾದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಚ್ಚಿದೆ. ಹಸಿರಿನ ಕಿಟಕಿಯಲ್ಲಿ ಸೆಕೆಂಡಿಗೊಂದರಂತೆ ಪಿಂಗ್ ಬಂದು ಬೀಳುತ್ತಿದೆ. ನೀಲಿಯ ಕಿಟಕಿ ಖಾಲಿ. ಪ್ಯಾಕೆಟ್ ಡೆಸ್ಕ್‌ಟಾಪಿನೊಳಗೆ ಬಂದು ಅಲ್ಲೇ ಸಾಯುತ್ತಿದೆ ಎಂದಾಯಿತು.

10.10.2.1ರಿಂದ ಉತ್ತರ ಬಂದದ್ದು ನನ್ನನ್ನು ದಾರಿ ತಪ್ಪಿಸಿತ್ತು. ಅದು ಡೆಸ್ಕ್‌ಟಾಪಿನದೇ ವಿಳಾಸ. ತನ್ನ ವಿಳಾಸಕ್ಕೆ ಬಂದ ಪ್ಯಾಕೆಟ್ ಯಾವ ಪೋರ್ಟಿನಿಂದ ಬಂದರೂ ಲಿನಕ್ಸ್ ಉತ್ತರಿಸುತ್ತದೆ, ಅಲ್ಲಿ ಏನೂ ದಾಟಿರಲೇ ಇಲ್ಲ. ಪೈಗೆ ಹೋಗಬೇಕಾದದ್ದು ಮಾತ್ರ ಬೇರೆಯವರ ಪ್ಯಾಕೆಟ್. ಸಾಮಾನ್ಯ ಕಂಪ್ಯೂಟರ್ ತನ್ನದಲ್ಲದ ವಿಳಾಸದ ಪ್ಯಾಕೆಟ್ ಬಂದರೆ ಬಿಸಾಕುತ್ತದೆ, ರೌಟರ್ ಅದನ್ನೇ ಮುಂದಕ್ಕೆ ದಾಟಿಸುತ್ತದೆ. ಲಿನಕ್ಸ್‌ನಲ್ಲಿ ಇದನ್ನು ನಿರ್ಧರಿಸುವುದು ಐಪಿ ಫಾರ್ವರ್ಡ್ ಎಂಬ ಒಂದು ಸೆಟ್ಟಿಂಗ್. ಅದರ ಬೆಲೆ ತಾನಾಗಿ 0 ಇರುತ್ತದೆ. 1 ಮಾಡಿ ಎಂಟರ್ ಒತ್ತಿದೆ, ನೀಲಿಯ ಕಿಟಕಿಯಲ್ಲಿ ಸಾಲುಗಳು ಓಡತೊಡಗಿದವು.

ಆ ಕ್ಷಣ ನನಗೆ ಬಹಳ ಸಂತೋಷ ಕೊಟ್ಟಿತು. ಅದಕ್ಕಿಂತ ಹೆಚ್ಚಿನದು ಲ್ಯಾಪ್‌ಟಾಪಿನ ಪರದೆಯಲ್ಲಿತ್ತು. ಟಿಟಿಎಲ್ ಎಂದರೆ ಪ್ಯಾಕೆಟ್ಟಿನ ಆಯುಷ್ಯದ ಅಂಕಿ, ದಾಟಿಸುವ ಪ್ರತಿ ರೌಟರ್ ಅದರಲ್ಲಿ ಒಂದು ಕಳೆಯುತ್ತದೆ. 10.10.2.1ರ ಉತ್ತರದಲ್ಲಿ ಟಿಟಿಎಲ್ 64 ಎಂದಿದ್ದರೆ ಪೈಯ ಉತ್ತರದಲ್ಲಿ ಟಿಟಿಎಲ್ 63. ಪೈ 64 ಎಂದು ಬರೆದು ಕಳಿಸಿದೆ, ನಡುವೆ ನನ್ನ ಡೆಸ್ಕ್‌ಟಾಪ್ ಒಂದು ಕಳೆದಿದೆ. ನಾನು ಕಟ್ಟಿದ ಯಂತ್ರ ಪ್ಯಾಕೆಟ್ಟಿನ ಮೇಲೆ ಬಿಟ್ಟ ಮೊದಲ ಗುರುತು ಅದು.

ಟಿಟಿಎಲ್ ಇರುವುದು ಪ್ಯಾಕೆಟ್ಟಿನ ಹೆಡರ್ ಎಂಬ ತಲೆಬರಹದಲ್ಲಿ. ಅಲ್ಲಿ ಒಂದು ಅಂಕಿ ಬದಲಾದರೆ ಐಪಿವಿ4ನಲ್ಲಿ (ನಾನು ಇಲ್ಲಿ ಬಳಸಿದ ಐಪಿ ಆವೃತ್ತಿ) ಹೆಡರ್‌ನ ಚೆಕ್‌ಸಮ್ಮನ್ನೂ, ಅಂದರೆ ತಪ್ಪು ಹಿಡಿಯುವ ಮೊತ್ತವನ್ನೂ, ಹೊಸದಾಗಿ ಬರೆಯಬೇಕು. ಆದ್ದರಿಂದ ಪ್ರತಿ ರೌಟರ್ ಪ್ರತಿ ಪ್ಯಾಕೆಟ್ಟಿಗೂ ಆ ಲೆಕ್ಕ ಮಾಡುತ್ತದೆ. ಹೊಸ ಆವೃತ್ತಿಯಾದ ಐಪಿವಿ6ನಲ್ಲಿ ಹೆಡರ್ ಚೆಕ್‌ಸಮ್ ಅನ್ನೇ ತೆಗೆದುಹಾಕಿದ್ದಾರೆ.

ಎರಡು ವಿಳಾಸಗಳು

ಅದೇ ಎರಡು ಕಿಟಕಿಗಳಲ್ಲಿ ಮ್ಯಾಕ್ ವಿಳಾಸಗಳನ್ನೂ (ಪ್ರತಿ ನೆಟ್‌ವರ್ಕ್ ಪೋರ್ಟಿನ ಸ್ವಂತ ಗುರುತು) ತೋರಿಸು ಎಂದು ಟಿಸಿಪಿಡಂಪಿಗೆ ಹೇಳಿದೆ. ಈ ಒಂದು ನೋಟಕ್ಕಾಗಿಯಾದರೂ ಇಷ್ಟೆಲ್ಲ ಜೋಡಿಸಬೇಕು.

ಹಸಿರಿನ ಕಡೆ ಐಪಿ ವಿಳಾಸ 10.10.1.10ರಿಂದ 10.10.2.10ಕ್ಕೆ. ಮ್ಯಾಕ್ ವಿಳಾಸ ಲ್ಯಾಪ್‌ಟಾಪಿನಿಂದ ಹಸಿರು ಪೋರ್ಟಿಗೆ. ನೀಲಿಯ ಕಡೆ ಐಪಿ ವಿಳಾಸಗಳು ಹಾಗೆಯೇ ಇವೆ, ಒಂದಕ್ಷರ ಬದಲಾಗಿಲ್ಲ. ಮ್ಯಾಕ್ ವಿಳಾಸ ಮಾತ್ರ ನೀಲಿ ಪೋರ್ಟಿನಿಂದ ಪೈಗೆ. ಐಪಿ ವಿಳಾಸ ಕೊನೆಗೆ ಎಲ್ಲಿಗೆ ಎಂದು ಹೇಳುತ್ತದೆ, ಮ್ಯಾಕ್ ವಿಳಾಸ ಈ ಕೇಬಲ್ಲಿನ ಮೇಲೆ ಈಗ ಯಾರ ಕೈಗೆ ಎಂದು ಹೇಳುತ್ತದೆ. ಈ ವ್ಯತ್ಯಾಸವನ್ನು ಹತ್ತು ಕಡೆ ಓದಿದ್ದೆ. ಒಂದೇ ಪ್ಯಾಕೆಟ್ಟಿನ ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಮನಸ್ಸಿನಲ್ಲಿ ನಿಂತಿತು.

ಇನ್ನೊಂದು ವಿಷಯ ಇಲ್ಲೇ ಸ್ಪಷ್ಟವಾಯಿತು. ಮೊದಲ ತೀರ್ಮಾನ ಮಾಡಿದ್ದು ರೌಟರ್ ಅಲ್ಲವೇ ಅಲ್ಲ, ಲ್ಯಾಪ್‌ಟಾಪು. ತನ್ನ ವಿಳಾಸದ ಮೊದಲ 24 ಬಿಟ್ಟನ್ನೂ ಪೈಯ ವಿಳಾಸದ ಮೊದಲ 24 ಬಿಟ್ಟನ್ನೂ ಹೋಲಿಸಿ, ಇದು ನನ್ನ ನೆಟ್‌ವರ್ಕಿನದಲ್ಲ, ಗೇಟ್‌ವೇಗೆ ಕೊಡೋಣ ಎಂದು ಅದು ತಾನೇ ತೀರ್ಮಾನಿಸಿತು. ಆಮೇಲೆ "10.10.1.1 ಯಾರು?" ಎಂದು ಎಆರ್‌ಪಿ ಮೂಲಕ ಕೂಗಿ, ಹಸಿರು ಪೋರ್ಟಿನ ಮ್ಯಾಕ್ ವಿಳಾಸ ಪಡೆಯಿತು. ಯಾವ ವಿಳಾಸಕ್ಕೆ ಯಾವ ದಾರಿ ಎಂಬ ಪಟ್ಟಿಯಾದ ರೌಟಿಂಗ್ ಟೇಬಲ್ ರೌಟರ್‌ಗಳಿಗೆ ಮಾತ್ರ ಸೇರಿದ್ದಲ್ಲ, ನಿಮ್ಮ ಫೋನಿನಲ್ಲೂ ಇದೆ.

ಹೋಯಿತು, ಬರಲಿಲ್ಲ

ಮರುದಿನ ಸಂಜೆ ಹೊರಗಿನ ಇಂಟರ್ನೆಟ್ಟಿಗೆ ಹೋಗುವ ಪ್ರಯತ್ನ. ಡೆಸ್ಕ್‌ಟಾಪಿನ ಟೇಬಲ್ ಆಗ ಇಷ್ಟೇ ಇತ್ತು:

192.168.1.0/24: ಕೆಂಪು, ನೇರ
10.10.1.0/24: ಹಸಿರು, ನೇರ
10.10.2.0/24: ನೀಲಿ, ನೇರ
ಉಳಿದದ್ದೆಲ್ಲ: ಕೆಂಪು, 192.168.1.1ರ ಮೂಲಕ

ನಾಲ್ಕೇ ಸಾಲು. ಕೊನೆಯದೇ ಡಿಫಾಲ್ಟ್ ರೌಟ್. ಡೆಸ್ಕ್‌ಟಾಪಿನಿಂದ ಇಂಟರ್ನೆಟ್ ಚೆನ್ನಾಗಿ ಬರುತ್ತಿತ್ತು. ಲ್ಯಾಪ್‌ಟಾಪಿನಿಂದ ಹೊರಗಿನ ಯಾವ ವಿಳಾಸಕ್ಕೂ ಪಿಂಗ್ ಇಲ್ಲ. ಹೊರಗಿನ ಮಾತು ಬಿಡಿ, 192.168.1.1 ಕೂಡ ಉತ್ತರಿಸಲಿಲ್ಲ.

ಇಲ್ಲಿ ಒಂದೂವರೆ ಗಂಟೆ ಕಳೆದೆ. ಡೆಸ್ಕ್‌ಟಾಪಿನ ಸೆಟ್ಟಿಂಗ್‌ಗಳನ್ನು ಮತ್ತೆ ಮತ್ತೆ ನೋಡಿದೆ, ಕೇಬಲ್ ಬದಲಿಸಿದೆ, ಫೈರ್‌ವಾಲ್ ಪೂರ್ತಿ ಖಾಲಿ ಮಾಡಿದೆ. ಮೊದಲೇ ಮಾಡಬೇಕಿದ್ದ ಕೆಲಸವನ್ನು ಕೊನೆಗೆ ಮಾಡಿದೆ, ಕೆಂಪು ಪೋರ್ಟಿಗೆ ಟಿಸಿಪಿಡಂಪ್ ಹಚ್ಚಿದೆ. ಪಿಂಗ್ ಪ್ಯಾಕೆಟ್ ಸರಿಯಾಗಿ ಹೊರಗೆ ಹೋಗುತ್ತಿದೆ, ಯಾರಿಂದ ಎಂಬಲ್ಲಿ 10.10.1.10 ಎಂದಿದೆ. ವಾಪಸ್ ಏನೂ ಬರುತ್ತಿಲ್ಲ.

ಆಗ ಡೆಸ್ಕ್‌ಟಾಪನ್ನು ಬಿಟ್ಟು ಮನೆಯ ಡಬ್ಬಿಯ ಜಾಗದಲ್ಲಿ ನಿಂತು ಯೋಚಿಸಿದೆ. 10.10.1.10 ಎಂಬವರಿಂದ ಪಿಂಗ್ ಬಂತು. ಉತ್ತರ ಬರೆದಾಯಿತು. ಈಗ 10.10.1.10 ಎಲ್ಲಿದೆ? ಡಬ್ಬಿಗೆ ಗೊತ್ತಿರುವುದು 192.168.1.0/24 ಒಂದೇ. ಉಳಿದದ್ದೆಲ್ಲ ಇಂಟರ್ನೆಟ್ ಕೊಡುವವರ ಕಡೆಗೆ. ಹಾಗಾಗಿ ಪಕ್ಕದಲ್ಲೇ ಇರುವ ನನ್ನ ಲ್ಯಾಪ್‌ಟಾಪಿನ ಉತ್ತರವನ್ನು ಅದು ಹೊರಗಿನ ತಂತಿಗೆ ದಬ್ಬುತ್ತಿದೆ! ಪ್ಯಾಕೆಟ್ ಬಂದ ದಾರಿಯನ್ನು ರೌಟರ್ ನೆನಪಿಟ್ಟುಕೊಳ್ಳುವುದಿಲ್ಲ. ಉತ್ತರ ಎಂಬುದು ಅದಕ್ಕೆ ಇನ್ನೊಂದು ಹೊಸ ಪ್ಯಾಕೆಟ್, ಅದರ ದಾರಿಯನ್ನು ಮತ್ತೆ ಮೊದಲಿನಿಂದ ಟೇಬಲ್ಲಿನಲ್ಲಿ ಹುಡುಕುತ್ತದೆ. ಹೋಗುವ ದಾರಿ ಸರಿಯಿದೆ ಎಂದರೆ ಬರುವ ದಾರಿಯೂ ಸರಿಯಿದೆ ಎಂದು ಅರ್ಥವಲ್ಲ. ಈ ಇಡೀ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಅತಿ ಮುಖ್ಯವಾದದ್ದು ಇದೇ. ಅಂದಿನಿಂದ ಏನಾದರೂ ಸಂಪರ್ಕ ಸಿಗದಿದ್ದರೆ ಮೊದಲು ಕೇಳುವ ಪ್ರಶ್ನೆ, ಅತ್ತ ಕಡೆಯವರಿಗೆ ನಮ್ಮ ದಾರಿ ಗೊತ್ತಿದೆಯೇ ಎಂದು.

ಡಬ್ಬಿಯ ಸೆಟ್ಟಿಂಗ್ ಪುಟದ ಒಳಗೊಳಗೆ ಸ್ಟ್ಯಾಟಿಕ್ ರೌಟ್ ಎಂಬ ಜಾಗ ಸಿಕ್ಕಿತು. 10.10.0.0/16 ಬೇಕಾದರೆ 192.168.1.50ಕ್ಕೆ ಕೊಡು ಎಂದು ಬರೆದೆ. ಕೂಡಲೇ 192.168.1.1ರಿಂದ ಲ್ಯಾಪ್‌ಟಾಪಿಗೆ ಉತ್ತರ ಬಂತು. ಹೊರಗಿನ ಇಂಟರ್ನೆಟ್ ಮಾತ್ರ ಆಗಲೂ ಇಲ್ಲ. ಆ ಡಬ್ಬಿ ತನ್ನ ಸ್ವಂತ 192.168.1.0/24ರ ವಿಳಾಸಗಳಿಗೆ ಮಾತ್ರ ನ್ಯಾಟ್ (ಯಾರಿಂದ ಎಂಬ ವಿಳಾಸವನ್ನು ತನ್ನದಕ್ಕೆ ಬದಲಿಸುವುದು) ಮಾಡುತ್ತಿತ್ತು, ನನ್ನ 10.10ರ ವಿಳಾಸಗಳಿಗೆ ಇಲ್ಲ.

10ರಿಂದ ಶುರುವಾಗುವ ವಿಳಾಸಗಳು, 172.16.0.0/12, 192.168.0.0/16 ಇವು ಮೂರೂ ಖಾಸಗಿ ಬಳಕೆಗೆಂದು 1996ರ ಆರ್‌ಎಫ್‌ಸಿ 1918 ಎಂಬ ಇಂಟರ್ನೆಟ್ ದಾಖಲೆಯಲ್ಲಿ ತೆಗೆದಿಟ್ಟವು. ಯಾರು ಬೇಕಾದರೂ ಮನೆಯೊಳಗೆ ಬಳಸಬಹುದು, ಹಾಗಾಗಿಯೇ ಹೊರಗಿನ ಇಂಟರ್ನೆಟ್ಟಿನಲ್ಲಿ ಅವಕ್ಕೆ ದಾರಿ ಇಲ್ಲ. ಹೊರಗೆ ಹೋಗುವಾಗ ಯಾರಿಂದ ಎಂಬ ಜಾಗದಲ್ಲಿ ಹೊರಗೆ ನಡೆಯುವ ವಿಳಾಸ ಇರಲೇಬೇಕು.

ಡೆಸ್ಕ್‌ಟಾಪಿನಲ್ಲೇ ಲಿನಕ್ಸ್‌ನ ಫೈರ್‌ವಾಲ್ ಆದ ಎನ್‌ಎಫ್‌ಟೇಬಲ್ಸ್ ಬಳಸಿ, ಕೆಂಪಿನಿಂದ ಹೊರಬೀಳುವುದಕ್ಕೆಲ್ಲ ಕೆಂಪಿನ ವಿಳಾಸವನ್ನೇ ತೊಡಿಸುವ ಮಾಸ್ಕರೇಡ್ ಎಂಬ ನ್ಯಾಟ್ ನಿಯಮ ಹಾಕಿದೆ. ಲ್ಯಾಪ್‌ಟಾಪಿನಲ್ಲಿ ಜಾಲತಾಣ ತೆರೆಯಿತು. ಕೂಡಲೇ ಕನೆಕ್ಷನ್ ಟ್ರ್ಯಾಕಿಂಗ್ ಪಟ್ಟಿ ತೆಗೆದು ನೋಡಿದೆ. ಒಂದು ಸಾಲಿನಲ್ಲಿ, ಹೋಗುವಾಗ 10.10.1.10ರ 51514ನೇ ಪೋರ್ಟಿನಿಂದ (ಇದು ಕೇಬಲ್ ಸಿಕ್ಕಿಸುವ ಪೋರ್ಟಲ್ಲ, ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಹೊರಗಿನ ಸರ್ವರಿನ 443ಕ್ಕೆ. ಅದೇ ಸಾಲಿನ ಉಳಿದರ್ಧದಲ್ಲಿ, ಬರುವಾಗ ಆ ಸರ್ವರಿನ 443ರಿಂದ 192.168.1.50ರ 51514ಕ್ಕೆ. ರೌಟಿಂಗಿಗೆ ನೆನಪಿಲ್ಲ ಎಂದೆನಲ್ಲ, ನ್ಯಾಟ್‌ಗೆ ಇದೆ. ಈ ಪಟ್ಟಿಯನ್ನು ಅಳಿಸಿದರೆ ಬರುವ ಉತ್ತರ ಯಾರದೆಂದು ಡೆಸ್ಕ್‌ಟಾಪಿಗೆ ತಿಳಿಯದು. ಈ ವೇಷ ಬದಲಾವಣೆ ಮುಂದೆ ಮನೆಯ ಡಬ್ಬಿಯಲ್ಲಿ ಇನ್ನೊಮ್ಮೆ ನಡೆಯುತ್ತದೆ. ಎರಡು ಸಲ ನ್ಯಾಟ್ ಆಗುವುದು ನನಗೆ ಹಿಡಿಸದ ವ್ಯವಸ್ಥೆ, ಆದರೆ ಕಲಿಕೆಗೆ ತೊಂದರೆಯಿಲ್ಲ. ಡಬ್ಬಿಯಲ್ಲಿ ಬರೆದ ಸ್ಟ್ಯಾಟಿಕ್ ರೌಟನ್ನು ತೆಗೆದುಹಾಕಿದೆ. ಕೆಂಪಿನ ಕಡೆಯಿಂದ ಹೊಸದಾಗಿ ಶುರುವಾಗುವ ಯಾವ ಸಂಪರ್ಕವೂ ಒಳಗೆ ಬರಬಾರದು ಎಂಬ ನಿಯಮವನ್ನೂ ಸೇರಿಸಿದೆ, ನ್ಯಾಟ್ ಇದ್ದ ಮಾತ್ರಕ್ಕೆ ಬಾಗಿಲಿಗೆ ಚಿಲಕ ಬಿದ್ದಂತಲ್ಲ.

ಒಂದು ಪಿಂಗ್, 63 ಸಲ

ಪೈಗೆ ಯುಎಸ್‌ಬಿಯಲ್ಲಿ ಇನ್ನೊಂದು ನೆಟ್‌ವರ್ಕ್ ಪೋರ್ಟ್ ಸಿಕ್ಕಿಸಿ, ಅದರ ಹಿಂದೆ 10.10.3.0/24 ಎಂಬ ಮೂರನೇ ನೆಟ್‌ವರ್ಕ್ ಮಾಡಿದೆ. ಅಲ್ಲಿ ಲಿನಕ್ಸ್ ಹಾಕಿದ ಹಳೆಯ ಲ್ಯಾಪ್‌ಟಾಪ್ ಒಂದು, 10.10.3.10. ಪೈಯಲ್ಲೂ ಐಪಿ ಫಾರ್ವರ್ಡ್ 1 ಮಾಡಿದೆ. ಈಗ ಎರಡು ರೌಟರ್.

10.10.3ಕ್ಕೆ ಪೈ ಮೂಲಕ ಹೋಗು ಎಂದು ಡೆಸ್ಕ್‌ಟಾಪಿಗೆ ಹೇಳಬೇಕಿತ್ತು. ಮುಂದೆ 10.10.4, 10.10.5 ಎಂದು ಬೆಳೆಸಿದರೂ ಆಗಲಿ ಎಂದು, 10.10.0.0/16 ಇಡಿಯಾಗಿ 10.10.2.10ರ ಮೂಲಕ ಎಂದು ಒಂದೇ ಸಾಲಿನಲ್ಲಿ ಬರೆದೆ. ಇಷ್ಟು ಅಗಲವಾದ ಸಾಲು ಬರೆದರೆ 10.10.1ರ ಹಸಿರು ಪ್ಯಾಕೆಟ್‌ಗಳೂ ಪೈಗೆ ಹೋಗಿಬಿಡುತ್ತವೆಯೇ ಎಂಬ ಅಳುಕಿತ್ತು. ಇಲ್ಲ. ಒಂದು ವಿಳಾಸಕ್ಕೆ ಹಲವು ಸಾಲುಗಳು ಹೊಂದಿದರೆ ಹೆಚ್ಚು ಬಿಟ್‌ಗಳು ಹೊಂದುವ ಸಾಲೇ ಗೆಲ್ಲುತ್ತದೆ. 10.10.1.10ಕ್ಕೆ /16ರ ಸಾಲೂ ಹೊಂದುತ್ತದೆ, /24ರ ಸಾಲೂ ಹೊಂದುತ್ತದೆ. 24 ದೊಡ್ಡದು, ಅದಕ್ಕೇ ಪ್ಯಾಕೆಟ್. ಸಾಲು ಪಟ್ಟಿಯಲ್ಲಿ ಮೇಲಿದೆಯೋ ಕೆಳಗಿದೆಯೋ ಮುಖ್ಯವಲ್ಲ. ಐಪಿ ರೌಟ್ ಗೆಟ್ ಎಂಬ ಆಜ್ಞೆಗೆ ವಿಳಾಸ ಕೊಟ್ಟರೆ ಯಾವ ಸಾಲು ಗೆಲ್ಲುತ್ತದೆಂದು ಅದೇ ಹೇಳುತ್ತದೆ, ಊಹಿಸುವ ಕಷ್ಟ ಬೇಡ.

ಈ ನಿಯಮ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 2008ರ ಫೆಬ್ರವರಿ 24ರ ಘಟನೆ ಸಾಕು. ಯೂಟ್ಯೂಬ್ ತನ್ನ ವಿಳಾಸಗಳನ್ನು 208.65.152.0/22 ಎಂದು ಜಗತ್ತಿಗೆ ಸಾರಿತ್ತು. ಪಾಕಿಸ್ತಾನ್ ಟೆಲಿಕಾಂ, ದೇಶದೊಳಗೆ ಯೂಟ್ಯೂಬ್ ತಡೆಯಲೆಂದು 208.65.153.0/24 ಎಂಬ ಸಾಲು ಬರೆದುಕೊಂಡಿತು, ಅದು ಹೊರಗೆ ಸೋರಿತು. 22ಕ್ಕಿಂತ 24 ದೊಡ್ಡದಾದ್ದರಿಂದ ಜಗತ್ತಿನ ಅನೇಕ ರೌಟರ್‌ಗಳು ಪ್ಯಾಕೆಟ್‌ಗಳನ್ನು ಅತ್ತ ತಿರುಗಿಸಿದವು. ಸರಿಹೋಗಲು ಸುಮಾರು ಎರಡು ಗಂಟೆ ಬೇಕಾಯಿತು. ಯೂಟ್ಯೂಬ್ ತಾನೂ /24 ಸಾರಿ, ಆಮೇಲೆ ಇನ್ನೂ ಕಿರಿದಾದ /25ಗಳನ್ನು ಸಾರಿ ದಾರಿಯನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕಾಯಿತು. ಅಲ್ಲಿ ಗೆದ್ದ ಸಾಲನ್ನು ಗೆಲ್ಲಿಸಿದ ನಿಯಮವೇ ನನ್ನ ಡೆಸ್ಕ್‌ಟಾಪಿನಲ್ಲೂ ಇರುವುದು.

ನನ್ನ /16ರ ತಪ್ಪು ಬೇರೆ ರೀತಿಯಲ್ಲಿ ಹೊರಬಿತ್ತು. ಒಮ್ಮೆ ಕೈತಪ್ಪಿ 10.10.77.5ಕ್ಕೆ ಪಿಂಗ್ ಕೊಟ್ಟೆ. ಅಂಥ ಯಂತ್ರವೇ ಇಲ್ಲ. ನೀಲಿಯ ಕಿಟಕಿಯಲ್ಲಿ ಪ್ರತಿ ಪಿಂಗಿಗೂ ಎರಡು ಸಾಲು ಬಂದವು: ಟಿಟಿಎಲ್ 63, ಟಿಟಿಎಲ್ 62. ಒಂದೇ ಪ್ಯಾಕೆಟ್ ಹೋಗಿ ವಾಪಸ್ ಬಂದಿದೆ. ಡೆಸ್ಕ್‌ಟಾಪ್ /16ರ ಸಾಲು ನೋಡಿ ಪೈಗೆ ಕೊಟ್ಟಿತು. ಪೈಗೆ 10.10.77 ಗೊತ್ತಿಲ್ಲ, ತನ್ನ ಡಿಫಾಲ್ಟ್ ರೌಟ್ ನೋಡಿ ಡೆಸ್ಕ್‌ಟಾಪಿಗೇ ಮರಳಿಸಿತು. ಹಾಗಾದರೆ ಇದು ಸುತ್ತುತ್ತಲೇ ಇರಬೇಕಲ್ಲ, ಎರಡಕ್ಕೇ ಏಕೆ ನಿಂತಿತು?

ನಿಲ್ಲಿಸಿದ್ದು ಆರ್‌ಪಿ ಫಿಲ್ಟರ್. ಅದು ಕಟ್ಟುನಿಟ್ಟಿನಲ್ಲಿದ್ದರೆ ಲಿನಕ್ಸ್ ಒಂದು ಪ್ರಶ್ನೆ ಕೇಳುತ್ತದೆ: ಈ ಪ್ಯಾಕೆಟ್ ಕಳಿಸಿದವರಿಗೆ ನಾನು ಉತ್ತರ ಕೊಡಬೇಕಾದರೆ ಇದೇ ಪೋರ್ಟಿನಿಂದ ಕೊಡುತ್ತೇನೆಯೇ? 10.10.1.10 ಇರುವುದು ಹಸಿರಿನಲ್ಲಿ, ಅದರ ಹೆಸರು ಹೊತ್ತ ಪ್ಯಾಕೆಟ್ ನೀಲಿಯಿಂದ ಬಂದರೆ ಅನುಮಾನ, ಬಿಸಾಕುತ್ತದೆ. ಸುಳ್ಳು ವಿಳಾಸದ ಪ್ಯಾಕೆಟ್‌ಗಳನ್ನು ತಡೆಯಲು ಇರುವ ಕಾವಲು ಅದು. ಪರೀಕ್ಷೆಗೆಂದು ಅದನ್ನು ಆರಿಸಿದೆ. ಒಟ್ಟಾರೆ ಸೆಟ್ಟಿಂಗ್ ಮತ್ತು ಆ ಪೋರ್ಟಿನ ಸೆಟ್ಟಿಂಗ್ ಎರಡರಲ್ಲಿ ದೊಡ್ಡ ಅಂಕಿಯೇ ನಡೆಯುವುದರಿಂದ ಎರಡನ್ನೂ 0 ಮಾಡಬೇಕು.

ಮತ್ತೆ ಒಂದೇ ಒಂದು ಪಿಂಗ್ ಕೊಟ್ಟೆ. 63, 62, 61, 60. ಕಣ್ಣು ಹಿಂಬಾಲಿಸಲಾಗದ ವೇಗದಲ್ಲಿ ಸಾಲುಗಳು ಇಳಿದು 1ಕ್ಕೆ ನಿಂತವು. ಒಂದು ಪ್ಯಾಕೆಟ್ ಆ ಒಂದು ಮೊಳದ ಕೇಬಲ್ಲಿನ ಮೇಲೆ 63 ಸಲ ಓಡಾಡಿತ್ತು. ಬೆಸ ಸಂಖ್ಯೆಗಳೆಲ್ಲ ಡೆಸ್ಕ್‌ಟಾಪ್ ಕಳಿಸಿದ್ದು, ಸಮ ಸಂಖ್ಯೆಗಳೆಲ್ಲ ಪೈ ಕಳಿಸಿದ್ದು. 1 ಹೊತ್ತು ಬಂದದ್ದನ್ನು ಪೈ ಕೊಂದು, "ಆಯುಷ್ಯ ಮುಗಿಯಿತು" ಎಂದು ಲ್ಯಾಪ್‌ಟಾಪಿಗೆ ತಿಳಿಸಿತು. ಆ ಸಂದೇಶದಲ್ಲಿ ಪೈಯ ವಿಳಾಸ 10.10.2.10 ಇತ್ತು. ಟಿಟಿಎಲ್ ಇಲ್ಲದಿದ್ದರೆ ಕೇಬಲ್ ಕೀಳುವವರೆಗೂ ಅದು ಓಡಾಡುತ್ತಲೇ ಇರುತ್ತಿತ್ತು. 1981ರ ಐಪಿ ದಾಖಲೆಯಲ್ಲೇ ಈ 8 ಬಿಟ್ ಜಾಗ ಇಟ್ಟವರ ಮುಂದಾಲೋಚನೆಗೆ ಕೈಮುಗಿಯಬೇಕು.

ಟ್ರೇಸ್‌ರೌಟ್ ನಡೆಯುವುದೂ ಈ ಸಾವಿನ ಸಂದೇಶದಿಂದಲೇ. ಸ್ಟೀವ್ ಡೀರಿಂಗ್ ಕೊಟ್ಟ ಸಲಹೆಯ ಮೇಲೆ ವ್ಯಾನ್ ಜೇಕಬ್ಸನ್ ಬರೆದದ್ದು. ಮೊದಲು ಟಿಟಿಎಲ್ 1 ಇಟ್ಟು ಕಳಿಸು, ಮೊದಲ ರೌಟರ್ ಅದನ್ನು ಕೊಂದು ತನ್ನ ವಿಳಾಸ ಹೇಳುತ್ತದೆ. 2 ಇಟ್ಟು ಕಳಿಸು, ಎರಡನೆಯದು ಹೇಳುತ್ತದೆ. ಪಟ್ಟಿ ತಾನಾಗಿ ಬೆಳೆಯುತ್ತದೆ. ಅದು ತೋರಿಸುವುದು ಹೋಗುವ ದಾರಿಯನ್ನು ಮಾತ್ರ, ಉತ್ತರಗಳು ಬೇರೆ ದಾರಿ ಹಿಡಿದು ಬಂದಿರಬಹುದು.

ಸುತ್ತಾಟಕ್ಕೆ ಮದ್ದು ಎರಡು ಸಾಲಿನದು. /16ರ ಬದಲು 10.10.3.0/24 ಮಾತ್ರ ಪೈ ಮೂಲಕ ಎಂದು ಬರೆದೆ. 10.10.0.0/16 ಎಲ್ಲಿಗೂ ತಲುಪದು ಎಂಬ ಅನ್‌ರೀಚಬಲ್ ಸಾಲನ್ನೂ ಸೇರಿಸಿದೆ. ನನ್ನ ಟೇಬಲ್ಲಿನಲ್ಲಿ ಇಲ್ಲದ 10.10ರ ವಿಳಾಸ ಈಗ ಡಿಫಾಲ್ಟ್ ರೌಟ್ ಹಿಡಿದು ಹೊರಗೆ ಸೋರುವುದಿಲ್ಲ, ಅಂಥ ಜಾಗವಿಲ್ಲ ಎಂಬ ಉತ್ತರ ಸಿಗುತ್ತದೆ. ಆರ್‌ಪಿ ಫಿಲ್ಟರನ್ನು ಮೊದಲಿನಂತೆ ಮಾಡಿದೆ.

ಕೈಬರಹ ಬಿಟ್ಟು

ಸಾಲುಗಳನ್ನು ಕೈಯಿಂದ ಬರೆಯುವುದು ಎರಡು ರೌಟರ್‌ಗೆ ಸರಿ. ಮುಂದಕ್ಕೆ ರೌಟರ್‌ಗಳೇ ಮಾತಾಡಿಕೊಳ್ಳಬೇಕು. ಎಫ್‌ಆರ್‌ಆರ್ ಎಂಬ ತಂತ್ರಾಂಶವನ್ನು ಎರಡರಲ್ಲೂ ಹಾಕಿ, ರೌಟರ್‌ಗಳು ದಾರಿಗಳನ್ನು ಒಂದಕ್ಕೊಂದು ತಿಳಿಸುವ ಓಎಸ್‌ಪಿಎಫ್ ಎಂಬ ಪದ್ಧತಿಯನ್ನು ಚಾಲೂ ಮಾಡಿದೆ. ಕೈಯಿಂದ ಬರೆದ 10.10.3.0/24 ಸಾಲನ್ನು ಅಳಿಸಿ ಕಾದೆ. ಸ್ವಲ್ಪ ಹೊತ್ತಿನಲ್ಲಿ ಅದೇ ಸಾಲು ತಾನಾಗಿ ಮೂಡಿತು, ಓಎಸ್‌ಪಿಎಫ್ ಕಲಿತದ್ದು ಎಂಬ ಗುರುತಿನೊಂದಿಗೆ.

ನೀಲಿ ಪೋರ್ಟಿಗೂ ಪೈಗೂ ನಡುವೆ ಒಂದು ಚಿಕ್ಕ ಸ್ವಿಚ್ ಇಟ್ಟು ಪೈ ಕಡೆಯ ಕೇಬಲ್ ಕಿತ್ತೆ. ಸ್ವಿಚ್ ಇರುವುದರಿಂದ ನೀಲಿ ಪೋರ್ಟಿನ ದೀಪ ಉರಿಯುತ್ತಲೇ ಇತ್ತು, ಪೈ ಹೋದದ್ದು ಡೆಸ್ಕ್‌ಟಾಪಿಗೆ ತಿಳಿಯಲಿಲ್ಲ. ಸಾಲು ಅಲ್ಲೇ ಇತ್ತು, ಪಿಂಗ್‌ಗೆ ಉತ್ತರವಿಲ್ಲ. ಓಎಸ್‌ಪಿಎಫ್ 10 ಸೆಕೆಂಡಿಗೊಮ್ಮೆ ಹಲೋ ಎನ್ನುತ್ತದೆ, 40 ಸೆಕೆಂಡು ಮಾತು ಕೇಳದಿದ್ದರೆ ನೆರೆಯವರು ಇಲ್ಲವೆಂದು ತೀರ್ಮಾನಿಸುತ್ತದೆ. ಅಷ್ಟು ಹೊತ್ತು ಟೇಬಲ್ ಸುಳ್ಳು ಹೇಳುತ್ತಿತ್ತು. ಆಮೇಲೆ ಸಾಲು ಮಾಯ. ಸಂಸ್ಥೆ ಸಂಸ್ಥೆಗಳ ನಡುವೆ ಈ ಮಾತುಕತೆ ನಡೆಸುವುದು ಬಿಜಿಪಿ. 1989ರಲ್ಲಿ ಕರ್ಕ್ ಲೊಹೀಡ್ ಮತ್ತು ಯಾಕೋವ್ ರೆಖ್ಟರ್ ನ್ಯಾಪ್ಕಿನ್‌ಗಳ ಮೇಲೆ ಗೀಚಿದ ಯೋಜನೆಯಿಂದ ಬೆಳೆದದ್ದು. ನನ್ನ ಟೇಬಲ್ಲಿನಲ್ಲಿ ಆರು ಸಾಲು. ಇಂಟರ್ನೆಟ್ಟಿನ ಒಟ್ಟು ಐಪಿವಿ4 ಟೇಬಲ್ 2014ರ ಆಗಸ್ಟ್ 12ರಂದು 512ಕೆ, ಅಂದರೆ ಐದು ಲಕ್ಷ ಚಿಲ್ಲರೆ ಸಾಲುಗಳ ಗಡಿ ದಾಟಿದಾಗ, ಅಷ್ಟೇ ಜಾಗವಿದ್ದ ಕೆಲವು ಹಳೆಯ ರೌಟರ್‌ಗಳು ಕೈಚೆಲ್ಲಿ ಸಂಪರ್ಕಗಳು ಕಡಿದಿದ್ದವು.

ಇಷ್ಟೆಲ್ಲ ಆದ ಮೇಲೆ ಡೆಸ್ಕ್‌ಟಾಪನ್ನು ಒಮ್ಮೆ ಆರಿಸಿ ಹಚ್ಚಿದೆ, ಎಲ್ಲ ಸತ್ತುಹೋಯಿತು. ಐಪಿ ಫಾರ್ವರ್ಡ್ ಮತ್ತೆ 0, ಮಾಸ್ಕರೇಡ್ ಇಲ್ಲ, ಅನ್‌ರೀಚಬಲ್ ಸಾಲು ಇಲ್ಲ. ಆಜ್ಞೆಯಾಗಿ ಕೊಟ್ಟದ್ದು ನೆನಪಿನಲ್ಲಿರುತ್ತದೆಯೇ ಹೊರತು ಡಿಸ್ಕಿಗೆ ಇಳಿಯುವುದಿಲ್ಲ. ಒಂದೊಂದನ್ನೂ ಅದರದರ ಕಡತಕ್ಕೆ ಬರೆದೆ, ಪೈಯಲ್ಲೂ ಹಾಗೆಯೇ. ಎರಡನ್ನೂ ಮತ್ತೆ ಆರಿಸಿ, ಹಚ್ಚಿ, ಏನನ್ನೂ ಮುಟ್ಟದೆ ಒಂದು ನಿಮಿಷ ಕಾದು, ಲ್ಯಾಪ್‌ಟಾಪಿನಿಂದ 10.10.3.10ಕ್ಕೆ ಪಿಂಗ್ ಕೊಟ್ಟೆ. ಉತ್ತರ ಬಂತು, ಟಿಟಿಎಲ್ 62.